ಉಳ್ಳಾಗಡ್ಡಿ ಸೀಮೆಯ ಲಿಲ್ಲಿಗಳು

ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳಲ್ಲಿ ಲಿಲ್ಲಿ ಬೆಳೆಸಬಹುದೇ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಈ ಬಿಸಲಾಗ ಎಲ್ಲೀ ಲಿಲ್ಲಿರೀ?" ಎಂಬುದು. ತಮಾಷೆಯೆಂದರೆ ಇದೇ ಸೀಮೆಯ ರೈತರು ತಲೆಮಾರುಗಳಿಂದ ಎಕರೆಗಟ್ಟಲೆ ಬೆಳೆಯುತ್ತ ಬಂದಿರುವ ಉಳ್ಳಾಗಡ್ಡಿ ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಲಿಲ್ಲಿ ಕುಟುಂಬಕ್ಕೇ ಸೇರಿತ್ತು. ಬೀಜಕ್ಕೆಂದು ಬಿಟ್ಟ ಉಳ್ಳಾಗಡ್ಡಿ ಮಡಿಯಲ್ಲಿ ಉದ್ದನೆಯ ಟೊಳ್ಳು ದಂಟಿನ ತುದಿಗೆ ಅರಳುವ ದುಂಡು ಬಿಳಿ ಗೊಂಚಲನ್ನು ಯಾರೂ ಹೂದಾನಿಗೆ ಇಡುವುದಿಲ್ಲ. ಅದರದೇ ನೇರಳೆ ಬಣ್ಣದ ದಾಯಾದಿಗಳನ್ನು ಮಾತ್ರ ಯುರೋಪಿನವರು ಕಾಸು ಕೊಟ್ಟು ತಂದು ತೋಟದ ನಟ್ಟನಡುವೆ ನೆಡುತ್ತಾರೆ.

ಗಡ್ಡೆಯನ್ನು ಯಾವಾಗ ನೆಡಬೇಕು, ಯಾವಾಗ ನೀರು ನಿಲ್ಲಿಸಬೇಕು, ಕಿತ್ತ ಮೇಲೆ ಗಾಳಿಯಾಡುವ ಕಡೆ ಹೇಗೆ ಒಣಗಿಸಬೇಕು, ಕೊಳೆ ಬಂದದ್ದನ್ನು ಹೇಗೆ ಆರಿಸಿ ತೆಗೆಯಬೇಕು ಎಂಬುದೆಲ್ಲ ಉಳ್ಳಾಗಡ್ಡಿ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಿಲ್ಲಿಯ ಬಂಧುಬಳಗವನ್ನು ಮನೆಯಂಗಳದಲ್ಲಿ ಸಾಕಲು ಬೇಕಾದ ತಿಳಿವಳಿಕೆಯ ಮುಕ್ಕಾಲು ಪಾಲು ಇದೇ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಲಿಲಿಯೇಸಿ ಎಂಬ ಹೆಸರು ನೆನಪಿರಬಹುದು. ಟ್ಯುಲಿಪ್, ಗೌರಿ ಹೂವು, ಲೋಳೆಸರ, ಶತಾವರಿ ಎಲ್ಲವನ್ನೂ ಆ ಪಾಠ ಒಂದೇ ಸೂರಿನಡಿ ಕೂಡಿಸಿತ್ತು. ಸುಮಾರು 4,000 ಪ್ರಭೇದಗಳ ತುಂಬು ಮನೆ ಅದು. 1998ರಿಂದೀಚೆಗೆ ಡಿಎನ್ಎ ಆಧಾರದ ವರ್ಗೀಕರಣ ಬಂದು ಆ ಮನೆ ಪಾಲಾಯಿತು. ಉಳ್ಳಾಗಡ್ಡಿ ಅಮರಿಲ್ಲಿಸ್‌ಗಳ ಜೊತೆ ಹೋಯಿತು, ಸುಗಂಧರಾಜ ಮತ್ತು ಹಾವಿನ ಗಿಡ ಶತಾವರಿಯ ಜೊತೆ, ಗೌರಿ ಹೂವು ಇನ್ನೊಂದು ಕಡೆ. ತೋಟದವರು ಈ ಪಾಲುಪಟ್ಟಿಯನ್ನು ಅಷ್ಟಾಗಿ ಹಚ್ಚಿಕೊಂಡಿಲ್ಲ, ಹಚ್ಚಿಕೊಳ್ಳಬೇಕಾಗಿಯೂ ಇಲ್ಲ. ಗಡ್ಡೆಯಲ್ಲೋ ದಪ್ಪ ಬೇರಿನಲ್ಲೋ ಎಲೆಯ ತಿರುಳಿನಲ್ಲೋ ನೀರನ್ನೂ ಅನ್ನವನ್ನೂ ಕೂಡಿಟ್ಟುಕೊಳ್ಳುವ ಗುಣ ಇವುಗಳಲ್ಲಿ ಬಹುತೇಕ ಎಲ್ಲಕ್ಕೂ ಉಂಟು. ಈ ಬರಹದ ಮಟ್ಟಿಗೆ ಹಳೆಯ ಅವಿಭಕ್ತ ಕುಟುಂಬವೇ ಸಾಕು. ಹೊಂಡದ ನೈದಿಲೆ, ತಾವರೆ, ನರ್ಸರಿಯವರು ಪೀಸ್ ಲಿಲ್ಲಿ ಎಂದು ಮಾರುವ ಗಿಡ ಈ ಬಳಗಕ್ಕೆ ಸೇರಿದವಲ್ಲ. ಚಾಲುಕ್ಯರ ಶಿಲ್ಪಿಗಳು ಈ ಸೀಮೆಯ ಗುಡಿಗಳ ಛಾವಣಿಯಲ್ಲಿ ಕೊರೆದದ್ದೂ ತಾವರೆಯನ್ನೇ.

ಹೂವಿನಂಗಡಿಯ ಗಾಜಿನ ಕಪಾಟಿನಲ್ಲಿ ತುತ್ತೂರಿಯಂತೆ ಬಾಯ್ತೆರೆದು ನಿಂತಿರುತ್ತದಲ್ಲ, ಆ ನಿಜವಾದ ಲಿಲ್ಲಿಯ ಕಥೆ ಬೇರೆ. ಲಿಲಿಯಮ್ ಕುಲದಲ್ಲಿ ಸುಮಾರು 100 ಪ್ರಭೇದಗಳಿವೆ, ಎಲ್ಲವೂ ಉತ್ತರ ಗೋಳಾರ್ಧದ ತಂಪು ನಾಡುಗಳವು. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವುದು ಒಂದೇ ಒಂದು, ನೀಲಗಿರಿ ಲಿಲ್ಲಿ. ರಾಬರ್ಟ್ ವೈಟ್ ಎಂಬ ಸ್ಕಾಟಿಷ್ ವೈದ್ಯ-ಸಸ್ಯಶಾಸ್ತ್ರಜ್ಞ 19ನೇ ಶತಮಾನದಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲು ಬಿಟ್ಟು ಅದು ಕೆಳಗಿಳಿಯುವುದಿಲ್ಲ. ಅಂಗಡಿಯ ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿಗಳ ಗಡ್ಡೆಗಳಲ್ಲಿ ಹೆಚ್ಚಿನವು ನೆದರ್ಲೆಂಡ್ಸ್‌ನಿಂದ ಬರುತ್ತವೆ. ಹೂಮೊಗ್ಗು ಸರಿಯಾಗಿ ಮೂಡಲು ಗಡ್ಡೆಗೆ ಕೆಲವು ವಾರ ಕೊರೆಯುವ ಚಳಿ ಸಿಗಬೇಕು. ವ್ಯಾಪಾರಿಗಳು ಅದನ್ನು ಶೀತಲಗೃಹದಲ್ಲಿ ಕೊಟ್ಟೇ ಕಳಿಸುತ್ತಾರೆ. ಹಾಗಾಗಿ ತಂದ ವರ್ಷ ಗಿಡ ಚೆನ್ನಾಗಿ ಹೂ ಬಿಡುತ್ತದೆ, ಮರುವರ್ಷ ಎಲೆ ಮಾತ್ರ ತೋರಿಸುತ್ತದೆ, ಮೂರನೆಯ ವರ್ಷ ಅದೂ ಇಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ಪಾಡು ಹೀಗಿರುವಾಗ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಾಗಲಕೋಟೆಯಲ್ಲಿ ಅದನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುತ್ತೇನೆಂಬುದು ವ್ಯರ್ಥ ಹಟ. ಆಸೆಯಿದ್ದರೆ ನವೆಂಬರ್‌ನಲ್ಲಿ ಒಂದು ಕುಂಡ ತಂದು, ಚಳಿಗಾಲದ ಅತಿಥಿಯೆಂದು ನೋಡಿ ಸಂತೋಷಪಟ್ಟು ಬಿಟ್ಟರೆ ಸಾಕು. ಮನೆಯಲ್ಲಿ ಬೆಕ್ಕಿದ್ದರೆ ಅದೂ ಬೇಡ. ಲಿಲಿಯಮ್‌ನ ಎಲೆ, ಎಸಳು, ಪರಾಗ ಸ್ವಲ್ಪವೇ ಹೊಟ್ಟೆಗೆ ಹೋದರೂ ಬೆಕ್ಕಿನ ಮೂತ್ರಪಿಂಡ ಕೈಕೊಡುತ್ತದೆ.

ಹಾಗಾದರೆ ಈ ಬಿಸಿಲಿಗೆ ಒಗ್ಗುವವು ಯಾವುವು? ಉತ್ತರಕ್ಕೆ ಮೊದಲು ನೆಲವನ್ನು ನೋಡಬೇಕು.

ಏಪ್ರಿಲ್ ತಿಂಗಳ ಮಧ್ಯಾಹ್ನ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆದವರಿಗೆ ಇಲ್ಲಿಯ ಬಿಸಿಲಿನ ಬಗ್ಗೆ ಬೇರೆ ವಿವರಣೆ ಬೇಕಿಲ್ಲ. ಕೆಂಪು ಮರಳುಗಲ್ಲು ಹಗಲೆಲ್ಲ ಕಾದು ಸಂಜೆಯಾದ ಮೇಲೂ ಕಾವು ಬಿಡುತ್ತಲೇ ಇರುತ್ತದೆ. ವರ್ಷದ ಮಳೆ 600 ಮಿಲಿಮೀಟರಿನೊಳಗೇ, ಅದೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಟ್ಟು ಬಿಟ್ಟು. ಉಳಿದ ಏಳೆಂಟು ತಿಂಗಳು ಒಣ ಹವೆ. ಮೇಲುನೋಟಕ್ಕೆ ಹೂದೋಟದ ವೈರಿಯಂತೆ ಕಾಣುವ ಈ ಲೆಕ್ಕವೇ ಗಡ್ಡೆಗಿಡಗಳಿಗೆ ಹೇಳಿ ಮಾಡಿಸಿದಂತಿದೆ. ದಕ್ಷಿಣ ಆಫ್ರಿಕಾ, ಮೆಕ್ಸಿಕೊ, ಬ್ರೆಜಿಲ್ ಮತ್ತು ನಮ್ಮದೇ ದಖ್ಖನ್ನಿನಲ್ಲಿ ಈ ಗಿಡಗಳು ರೂಪುಗೊಂಡದ್ದೇ ಇಂಥ ಒಣಗಾಲ ಮತ್ತು ಮಳೆಗಾಲದ ಏರಿಳಿತಕ್ಕೆ ಹೊಂದಿಕೊಂಡು. ಒಣಗಾಲದಲ್ಲಿ ಅವು ಸಾಯುವುದಿಲ್ಲ, ನೆಲದೊಳಗೆ ಮಲಗುತ್ತವೆ. ಮಲಗಿದ ಗಡ್ಡೆಯನ್ನು ಕೊಲ್ಲುವುದು ಬಿಸಿಲಲ್ಲ, "ಪಾಪ, ಒಣಗೇತಿ" ಎಂದು ದಿನಾ ಚೆಂಬುಗಟ್ಟಲೆ ನೀರು ಸುರಿಯುವ ಕೈ.

ಮಣ್ಣಿನ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಮಲಪ್ರಭೆ, ಘಟಪ್ರಭೆಯ ಬಯಲಿನ ಎರಿ ಮಣ್ಣು ಜೋಳಕ್ಕೂ ಕಡಲೆಗೂ ಬಂಗಾರ. ಕುಂಡಕ್ಕೆ ತುಂಬಿದರೆ ಮಳೆಯಲ್ಲಿ ಅಂಟಾಗಿ ಗಡ್ಡೆಯನ್ನು ಕೊಳೆಸುತ್ತದೆ, ಬಿಸಿಲಲ್ಲಿ ಬಿರಿದು ಬೇರನ್ನು ಹರಿಯುತ್ತದೆ. ಎರಡು ಬುಟ್ಟಿ ಮಸಾರಿ ಮಣ್ಣಿಗೆ ಒಂದು ಬುಟ್ಟಿ ದಪ್ಪ ಉಸುಕು, ಒಂದು ಬುಟ್ಟಿ ಪೂರ್ತಿ ಕಳಿತ ತಿಪ್ಪೆಗೊಬ್ಬರ ಬೆರೆಸಿದರೆ ಈ ಬಳಗದ ಹೆಚ್ಚಿನವಕ್ಕೆ ಸಾಕು. ಹಸಿ ಗೊಬ್ಬರ ಗಡ್ಡೆಗೆ ತಾಗಬಾರದು. ಕುಂಡದ ತಳದ ತೂತು ಮುಚ್ಚಿಹೋಗದಂತೆ ಒಂದು ಹೆಂಚಿನ ಚೂರನ್ನು ಬೋರಲು ಇಡುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ.

ಇನ್ನು ಹೂವಿನ ಪಂಚಾಂಗ. ಅದು ರೈತರ ಮಳೆ ನಕ್ಷತ್ರಗಳ ಜೊತೆಗೇ ನಡೆಯುತ್ತದೆ ಎಂಬುದು ಈ ಗಿಡಗಳ ದೊಡ್ಡ ಸೊಗಸು. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಭರಣಿ ಮಳೆಯ ಒಂದೆರಡು ಅಡ್ಡ ಹನಿ ಬಿದ್ದರೆ ಸಾಕು, ಬರಿದಾಗಿ ಕಂಡ ಕುಂಡದಿಂದ ಬೆರಳು ಗಾತ್ರದ ದಂಟು ಮೇಲೆದ್ದು ಅದರ ನೆತ್ತಿಯಲ್ಲಿ ನೂರಾರು ಕೆಂಪು ಹೂಗಳ ಚೆಂಡು ಅರಳುತ್ತದೆ. ಜನ ಅದನ್ನು ಫುಟ್‌ಬಾಲ್ ಲಿಲ್ಲಿ ಎಂದೂ ಮೇ ಹೂವೆಂದೂ ಕರೆಯುತ್ತಾರೆ. ಮೂಲ ಆಫ್ರಿಕಾ. ಚೆಂಡು ವಾರದಲ್ಲಿ ಮಾಸುತ್ತದೆ, ಆಮೇಲೆ ಬರುವ ಅಗಲವಾದ ಹಸಿರೆಲೆಗಳು ದೀಪಾವಳಿಯವರೆಗೆ ಇರುತ್ತವೆ. ಆ ಎಲೆಗಳನ್ನು ಕತ್ತರಿಸಬಾರದು. ಮುಂದಿನ ವರ್ಷದ ಚೆಂಡಿಗೆ ಬಂಡವಾಳ ಕೂಡುವುದು ಅಲ್ಲೇ.

ಮಳೆ ಲಿಲ್ಲಿಯಂತೂ ಹೆಸರಿಗೆ ತಕ್ಕ ಗಿಡ. ಈರುಳ್ಳಿ ಸೊಪ್ಪಿನಂಥ ಸಪೂರ ಎಲೆ, ಬೆರಳುದ್ದದ ಹೂ. ಗುಲಾಬಿ, ಹಳದಿ, ಬಿಳಿ ಮೂರೂ ಸುಲಭವಾಗಿ ಸಿಗುತ್ತವೆ. ಅಮೆರಿಕ ಖಂಡದ ಈ ಗಿಡಗಳು ಒಣಗಿ ಕೂತ ಮೇಲೆ ದೊಡ್ಡ ಮಳೆಯೊಂದು ಬಿದ್ದರೆ ಕೆಲವೇ ದಿನಗಳಲ್ಲಿ ಒಟ್ಟಿಗೇ ಅರಳಿ ಅಂಗಳಕ್ಕೇ ಬಣ್ಣ ತುಂಬುತ್ತವೆ. ಕೊಳಾಯಿ ನೀರಿಗೆ ಅಷ್ಟು ಉತ್ಸಾಹ ತೋರುವುದಿಲ್ಲ. ಎರಡು ಮೂರು ವಾರ ನೀರು ನಿಲ್ಲಿಸಿ ಆಮೇಲೆ ಒಮ್ಮೆಗೇ ತೋಯಿಸಿದರೆ ಕೆಲವೊಮ್ಮೆ ಮೋಸಹೋಗಿ ಹೂ ಬಿಡುವುದುಂಟು. ಕಟ್ಟೆಯ ಅಂಚಿಗೆ, ಕಾಲುದಾರಿಯ ಬದಿಗೆ, ಒಡೆದ ಬಕೆಟ್ಟಿಗೆ, ಎಲ್ಲಿಗಾದರೂ ಆದೀತು. ತೋಟ ಹೊಸದಾಗಿ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಗಿಡವಿಲ್ಲ.

ಹಳೆಯ ಮನೆಗಳ ಹಿತ್ತಿಲಲ್ಲಿ ಯಾರೂ ನೆಟ್ಟ ನೆನಪಿಲ್ಲದೆ ವರ್ಷವರ್ಷ ಕೆಂಪು ಹೂ ಬಿಡುವ, ಎಸಳಿನ ನಡುವೆ ಬಿಳಿ ಗೆರೆ ಇರುವ ಅಮರಿಲ್ಲಿಸ್ ಬಹಳ ಜನರಿಗೆ ಗೊತ್ತು. ಮಾರ್ಚ್ ಏಪ್ರಿಲ್‌ನಲ್ಲಿ ಎಲೆಗಳಿಗೂ ಮುಂಚೆ ದಂಟು ಹೊರಡುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಹಿಪಿಯಾಸ್ಟ್ರಮ್, ದಕ್ಷಿಣ ಅಮೆರಿಕದ್ದು. ಈ ಕುಲದ ಮೊದಲ ಮಿಶ್ರತಳಿಯನ್ನು 1799ರಲ್ಲಿ ಮಾಡಿದವನು ವಿಜ್ಞಾನಿಯಲ್ಲ, ಇಂಗ್ಲೆಂಡಿನ ಲ್ಯಾಂಕಶೈರ್‌ನ ಆರ್ಥರ್ ಜಾನ್ಸನ್ ಎಂಬ ಗಡಿಯಾರ ರಿಪೇರಿಯವನು. ಎರಡು ಕಾಡು ಜಾತಿಗಳ ಪರಾಗ ಕೂಡಿಸಿ ಅವನು ಪಡೆದ ಕೆಂಪು-ಬಿಳಿ ಪಟ್ಟೆಯ ತಳಿ ಅವನ ಹೆಸರಲ್ಲೇ ಜಾನ್ಸೋನಿ ಎಂದು ಲೋಕವೆಲ್ಲ ಸುತ್ತಿತು. ಬಿಸಿಲು, ಮರೆವು, ಬಿಗಿ ಕುಂಡ ಯಾವುದಕ್ಕೂ ಅದು ಬಗ್ಗುವುದಿಲ್ಲ. ಗಡ್ಡೆಯ ಮೇಲಿನ ಮೂರನೇ ಒಂದು ಪಾಲು ಮಣ್ಣಿನಿಂದ ಹೊರಗಿರಬೇಕು, ನವೆಂಬರ್‌ನಿಂದ ಜನವರಿವರೆಗೆ ನೀರು ತೀರಾ ಕಡಿಮೆ ಮಾಡಬೇಕು. ಇಷ್ಟೇ ಅದರ ಬೇಡಿಕೆ. ಹೊಸ ಡಚ್ ತಳಿಗಳು ಎರಡು ಅಂಗೈ ಅಗಲದ ಹೂ ಕೊಡುತ್ತವೆ, ಬೆಲೆಯೂ ಹಾಗೇ ಇರುತ್ತದೆ. ಆದರೆ ಈ ಹವೆಯಲ್ಲಿ ಬಾಳಿಕೆಯ ಮಾತಿಗೆ ಬಂದರೆ ಹಿತ್ತಿಲ ಜಾನ್ಸೋನಿಯೇ ಮೇಲು.

ಹೊರಗಿನಿಂದ ಬಂದವುಗಳ ಮಾತು ಸದ್ಯಕ್ಕೆ ಇಷ್ಟು ಸಾಕು. ಈ ಇಡೀ ಬಳಗದಲ್ಲಿ ಅತಿ ಚೆಲುವಾದದ್ದು ಯಾರೂ ತರದೆ ಇಲ್ಲೇ ಇರುವ ಗಿಡ: ಗೌರಿ ಹೂವು. ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಮೃಗಶಿರಾ ಮಳೆಗೆ ಬೇಲಿಯ ಬುಡದಲ್ಲಿ ಚಿಗುರುವ ಈ ಬಳ್ಳಿ ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಹೂವಾಗಿ ನಿಂತಿರುತ್ತದೆ. ಹತ್ತಲು ಇದಕ್ಕೆ ಬೇರೆ ಕುಡಿಬಳ್ಳಿ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿಯುತ್ತದೆ. ಹೂವಿನ ಆರು ಎಸಳು ಹಿಂದಕ್ಕೆ ಮಡಚಿ ಮೇಲೆ ನಿಲ್ಲುತ್ತವೆ, ಕೇಸರಗಳು ಚಕ್ರದ ಅರೆಕಾಲುಗಳಂತೆ ಸುತ್ತ ಚಾಚುತ್ತವೆ, ಶಲಾಕೆ ಬುಡದಲ್ಲೇ ಥಟ್ಟನೆ ಅಡ್ಡಕ್ಕೆ ತಿರುಗಿ ಹೂವಿನಿಂದ ಹೊರಗೆ ಹೋಗುತ್ತದೆ. ಮೊದಲ ದಿನ ಹಸಿರು ಮಿಶ್ರಿತ ಹಳದಿ, ಆಮೇಲೆ ತುದಿಯಲ್ಲಿ ಹಳದಿಯೋ ಕೆಂಪೋ ಎನ್ನಲಾಗದ ಬಣ್ಣ, ವಾರದ ಕೊನೆಗೆ ಇಡೀ ಹೂ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಹಂತದ ಹೂಗಳಿರುವುದರಿಂದ ಬಳ್ಳಿಗೇ ಕಿಚ್ಚು ಹತ್ತಿದ ಹಾಗೆ ಕಾಣುತ್ತದೆ.

ನೆರೆಯ ತಮಿಳುನಾಡಿಗೆ ಇದು ರಾಜ್ಯ ಪುಷ್ಪ, ಆಫ್ರಿಕಾದ ಜಿಂಬಾಬ್ವೆಗೆ ರಾಷ್ಟ್ರ ಪುಷ್ಪ. 1947ರಲ್ಲಿ ಆಗಿನ್ನೂ ರಾಜಕುಮಾರಿಯಾಗಿದ್ದ ಎಲಿಜಬೆತ್‌ಗೆ ದಕ್ಷಿಣ ರೊಡೇಷಿಯಾದ (ಇಂದಿನ ಜಿಂಬಾಬ್ವೆಯ) ಮಕ್ಕಳ ಹೆಸರಿನಲ್ಲಿ ಕೊಟ್ಟ ಉಡುಗೊರೆ ಇದೇ ಹೂವಿನ ಆಕಾರದ ವಜ್ರದ ಪಿನ್ನು. ಕರೂರು, ತಿರುಪ್ಪೂರು, ದಿಂಡಿಗಲ್ ಭಾಗದ ರೈತರು ಇದನ್ನು ಚಪ್ಪರಕ್ಕೆ ಹಬ್ಬಿಸಿ ಬೀಜಕ್ಕಾಗಿ ಬೆಳೆಯುತ್ತಾರೆ. ಬೀಜದಿಂದ ತೆಗೆಯುವ ಕೊಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಮದ್ದು. ಅದೇ ಕೊಲ್ಚಿಸಿನ್ ಸಸ್ಯಗಳ ವರ್ಣತಂತುಗಳನ್ನು ಇಮ್ಮಡಿ ಮಾಡಬಲ್ಲದೆಂದು 1937ರಲ್ಲಿ ಅಮೆರಿಕದ ಆಲ್ಬರ್ಟ್ ಬ್ಲೇಕ್ಸ್ಲೀ ತೋರಿಸಿದ ಮೇಲೆ ತಳಿ ವಿಜ್ಞಾನವೇ ಬೇರೆ ದಾರಿ ಹಿಡಿಯಿತು. ಇಂದು ಸಂತೆಯಲ್ಲಿ ಸಿಗುವ ಬೀಜವಿಲ್ಲದ ಕಲ್ಲಂಗಡಿಯ ಹಿಂದೆಯೂ ಈ ರಾಸಾಯನಿಕದ ಕೈವಾಡವಿದೆ.

ಮದ್ದಾಗುವ ಪದಾರ್ಥ ಅಳತೆ ಮೀರಿದರೆ ವಿಷ. ಗೌರಿ ಹೂವಿನ ಗಡ್ಡೆ, ಬೀಜ, ಎಲೆ ಎಲ್ಲವೂ ವಿಷ, ಅದರಲ್ಲೂ ಗಡ್ಡೆ ಪ್ರಾಣಕ್ಕೇ ಎರವಾಗಬಲ್ಲದು. ಗೆಣಸೆಂದು ಬೇಯಿಸಿ ತಿಂದು ಸತ್ತವರಿದ್ದಾರೆ. ಹಾಗಾಗಿ ಮನೆಯಲ್ಲಿ ಬೆಳೆಸುವವರು ಗಡ್ಡೆಯನ್ನು ಅಡುಗೆಮನೆಯ ಹತ್ತಿರ ಇಡಬಾರದು, ಮುಟ್ಟಿದ ಕೈ ತೊಳೆಯಬೇಕು, ಕೆಂಪು ಬೀಜಗಳು ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ಕಾಯಿ ಕಿತ್ತುಬಿಡಬೇಕು. ಯಾರಾದರೂ ತಿಂದದ್ದು ಗೊತ್ತಾದರೆ ಮನೆಮದ್ದಿಗೆ ಕೈ ಹಾಕದೆ, ಗಿಡದ ತುಂಡೊಂದನ್ನೂ ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ಇಷ್ಟು ಕಟ್ಟುನಿಟ್ಟು ಪಾಲಿಸಲಾಗದ ಮನೆಗೆ ಈ ಗಿಡ ಬೇಡವೇ ಬೇಡ.

ಪಾಲಿಸಬಲ್ಲವರು ರೋಹಿಣಿ ಮಳೆಯ ಹೊತ್ತಿಗೆ ಇಂಗ್ಲಿಷಿನ ವಿ ಅಕ್ಷರದಂತೆ ಕವಲಾದ ಗಡ್ಡೆಯನ್ನು ಎರಡು ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಿ ಮುಚ್ಚಬೇಕು. ಮೊಳಕೆಯ ಕಣ್ಣು ಕವಲಿನ ತುದಿಯಲ್ಲಿರುತ್ತದೆ, ಅದು ಮುರಿದರೆ ಆ ವರ್ಷದ ಬಳ್ಳಿ ಹೋದಂತೆ. 12 ಅಂಗುಲದ ಕುಂಡ, ಹತ್ತಲು ತೊಗರಿ ಕಟ್ಟಿಗೆಯ ಹಂದರ, ಬುಡಕ್ಕೆ ನೆರಳು, ತಲೆಗೆ ಬಿಸಿಲು. ನವೆಂಬರ್‌ಗೆ ಬಳ್ಳಿ ಒಣಗುತ್ತದೆ, ಆಗ ನೀರು ಪೂರ್ತಿ ಬಂದ್. ಕಾಡಿನಿಂದ ಗಡ್ಡೆ ಅಗೆದು ತರುವುದಕ್ಕಿಂತ ಬೀಜದಿಂದ ಬೆಳೆಸುವುದು ಸರಿಯಾದ ದಾರಿ, ಆದರೆ ಹೂವಿಗೆ ಮೂರ್ನಾಲ್ಕು ವರ್ಷ ಕಾಯುವ ತಾಳ್ಮೆ ಬೇಕು.

ಸುಗಂಧರಾಜನನ್ನು ಮನೆಹೂವೆಂದು ಯಾರೂ ಎಣಿಸುವುದಿಲ್ಲ. ಅದು ಮದುವೆ ಹಾರದ್ದು, ದೇವರ ಮಾಲೆಯದ್ದು, ಮಾರುಕಟ್ಟೆಗೆ ಕಿಲೋ ಲೆಕ್ಕದಲ್ಲಿ ಹೋಗುವಂಥದ್ದು ಎಂಬ ಭಾವನೆ. ಮೆಕ್ಸಿಕೊದಿಂದ ಹೊರಟು ಯುರೋಪಿನ ಮೂಲಕ ಭಾರತ ಸೇರಿದ ಈ ಗಡ್ಡೆಗೆ ಹೊಸ ರೂಪ ಕೊಟ್ಟದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಸಿಂಗಲ್ ಮತ್ತು ಡಬಲ್ ಬಗೆಗಳನ್ನು ಕೂಡಿಸಿ ಅಲ್ಲಿಯ ವಿಜ್ಞಾನಿಗಳು ತಂದ ಶೃಂಗಾರ್, ಆಮೇಲಿನ ಸುವಾಸಿನಿ, ಪ್ರಜ್ವಲ್, ವೈಭವ್, ಅರ್ಕಾ ನಿರಂತರ ತಳಿಗಳು ದೇಶದ ಹೂವಿನ ಹೊಲಗಳನ್ನೇ ಬದಲಿಸಿದವು. ಶೃಂಗಾರ್ ಬೇರುಗಂಟು ಜಂತುಹುಳುವಿನ ಬಾಧೆಯನ್ನು ತಾಳಿಕೊಳ್ಳುತ್ತದೆ, ಪ್ರಜ್ವಲ್‌ನ ಮೊಗ್ಗಿಗೆ ತೆಳು ಗುಲಾಬಿ ಛಾಯೆ. ಹಾರಕ್ಕೂ ಪರಿಮಳಕ್ಕೂ ಸಿಂಗಲ್ ಬಗೆ, ಹೂದಾನಿಗೆ ಡಬಲ್.

ಪಡಸಾಲೆಯ ಕಿಟಕಿಯ ಕೆಳಗೆ ಒಂದು ಅಗಲ ಕುಂಡದಲ್ಲಿ ನಾಲ್ಕು ಸಿಂಗಲ್ ಗಡ್ಡೆ ನೆಟ್ಟು ನೋಡಬೇಕು. ಮೂರು ಮೂರೂವರೆ ತಿಂಗಳಿಗೆ ದಂಟು ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಪರಿಮಳ ಒಳಮನೆಯವರೆಗೆ ಹರಿಯುತ್ತದೆ. ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಹೂ ಕೊಡುವುದಿಲ್ಲ, ಅದರ ಸುತ್ತ ಹುಟ್ಟುವ ಮರಿಗಡ್ಡೆಗಳು ಬಲಿತು ಕೊಡುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬೋರಲು ಹಾಕಿ ದಪ್ಪನೆಯವನ್ನು ಆರಿಸಿ ನೆಡದಿದ್ದರೆ ಕುಂಡದ ತುಂಬ ಹುಲ್ಲಿನಂತೆ ಎಲೆಯೇ ಎಲೆ.

ನೀರು ನಿಲ್ಲುವ ಜಾಗದವರ ಗೋಳು ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ನೀರು ನಿಂತಿತ್ತು. ಹೊಳೆಸಾಲಿನ ಊರುಗಳ ತಗ್ಗಿನ ಹಿತ್ತಿಲಲ್ಲಿ ಮೇಲೆ ಹೇಳಿದ ಗಡ್ಡೆಗಳಲ್ಲಿ ಹೆಚ್ಚಿನವು ಕೊಳೆತುಹೋಗುತ್ತವೆ. ಅಂಥ ಕಡೆ ಜೇಡ ಲಿಲ್ಲಿ ಮತ್ತು ಕ್ರೈನಮ್ ನಿಲ್ಲುತ್ತವೆ. ಕ್ರೈನಮ್‌ನ ಕೆಲವು ಜಾತಿಗಳು ದಖ್ಖನ್ನಿನ ಹೊಳೆದಂಡೆಯ ಕೆಸರಿನಲ್ಲೇ ಹುಟ್ಟಿ ಬೆಳೆದವು. ಪ್ರವಾಹವೂ ಬರವೂ ಅವಕ್ಕೆ ಹೊಸತಲ್ಲ. ಆಳೆತ್ತರದ ಎಲೆ, ರಾತ್ರಿ ಘಮಿಸುವ ಬಿಳಿ ಹೂಗೊಂಚಲು. ಕುಂಡಕ್ಕೆ ದೊಡ್ಡದಾಯಿತು, ಬಾವಿಕಟ್ಟೆಯ ಪಕ್ಕ, ಬಚ್ಚಲ ನೀರು ಹರಿಯುವ ಕಡೆ ಸರಿ.

ಇದಕ್ಕೆ ತದ್ವಿರುದ್ಧ ಕಾಡುಳ್ಳಿ. ಕುರಿ ಮೇಯುವ ಒಣ ಗುಡ್ಡದ ಓರೆಯಲ್ಲಿ, ಕಲ್ಲುಗಳ ಸಂದಿಯಲ್ಲಿ, ಮಾರ್ಚ್ ಏಪ್ರಿಲ್‌ನ ಸುಡುಬಿಸಿಲಲ್ಲಿ ಒಂದೂ ಎಲೆಯಿಲ್ಲದೆ ಬರೀ ಹೂದಂಟು ಎತ್ತಿ ನಿಲ್ಲುವ ಗಿಡ ಇದು. ಕಂದು ಬಣ್ಣದ ಸಣ್ಣ ಹೂಗಳು ಸಂಜೆ ಬಿಚ್ಚುತ್ತವೆ. ತೋಟಕ್ಕೆ ತರುವಂಥ ರೂಪವೇನಲ್ಲ, ಗಡ್ಡೆಯಲ್ಲಿ ಹೃದಯಕ್ಕೆ ಅಪಾಯ ತರುವ ವಿಷವೂ ಇದೆ. ಆದರೂ ಬಾದಾಮಿಯ ಗುಡ್ಡ ಹತ್ತುವವರು ಒಮ್ಮೆ ನಿಂತು ನೋಡಿದರೆ ಗಡ್ಡೆಗಿಡದ ಸಾಮರ್ಥ್ಯ ಎಂಥದ್ದೆಂಬುದು ತಿಳಿಯುತ್ತದೆ.

ಮನೆಯೊಳಗೆ ಬಂದರೆ ಹೂವಿನ ಆಸೆ ಬಿಟ್ಟು ಎಲೆಯನ್ನು ನೆಚ್ಚಬೇಕು. ದಪ್ಪ ಕಲ್ಲುಗೋಡೆ, ಸಣ್ಣ ಕಿಟಕಿ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಒಳಗೆ ತಂಪಿದೆ, ಬೆಳಕು ಕಡಿಮೆ. ಬಾಗಲಕೋಟೆಯ ನವನಗರದ ಆರ್‌ಸಿಸಿ ಮನೆಗಳಲ್ಲಿ ಬೆಳಕಿದೆ, ತಂಪಿಲ್ಲ. ಎರಡಕ್ಕೂ ಹೊಂದುವುದು ಹಾವಿನ ಗಿಡ. ಅದು ಬಿಸಿಲ ಹೊತ್ತಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ಮಾತ್ರ ತೆರೆಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ನೀರು ಕೊಟ್ಟರೂ ನಡೆದೀತು. ಅಂಗಡಿಯಲ್ಲಿ ಸಿಗುವ ಬಗೆ ಪಶ್ಚಿಮ ಆಫ್ರಿಕಾದ್ದು. ಅದರ ಭಾರತೀಯ ಸಂಬಂಧಿಯ ನಾರಿನಿಂದ ಹಿಂದೆ ಬಿಲ್ಲಿನ ಹೆದೆ ಹೊಸೆಯುತ್ತಿದ್ದರು, ಸಂಸ್ಕೃತದ ಮೂರ್ವಾ ಅದೇ. ಹಳದಿ ಅಂಚಿನ ಬಗೆಯನ್ನು ಎಲೆ ತುಂಡಿನಿಂದ ಬೆಳೆಸಿದರೆ ಮರಿಗಳು ಅಂಚು ಕಳೆದುಕೊಂಡು ಬರೀ ಹಸಿರಾಗುತ್ತವೆ. ಬಣ್ಣ ಬೇಕೆಂದರೆ ಬುಡದ ಕಂದನ್ನೇ ಬೇರ್ಪಡಿಸಿ ನೆಡಬೇಕು.

ಈ ಗಿಡ ಮನೆಯ ಗಾಳಿಯನ್ನು ಶುದ್ಧಮಾಡುತ್ತದೆ ಎಂಬ ಮಾತು ಈಗ ಪ್ರತಿ ನರ್ಸರಿಯ ಫಲಕದಲ್ಲೂ ಇದೆ. ಅದರ ಮೂಲ 1989ರ ನಾಸಾ ಅಧ್ಯಯನ. ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ನಡೆದ ಪ್ರಯೋಗ ಅದು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಮರುಲೆಕ್ಕ ಹಾಕಿದಾಗ, ಸಾಮಾನ್ಯ ಕಟ್ಟಡದ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಲು ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕೆಂದು ಹೊರಬಿತ್ತು. ಕಿಟಕಿ ತೆರೆಯುವುದು ಅಗ್ಗ. ಗಿಡ ಚೆಂದವಿದೆ ಎಂಬ ಕಾರಣಕ್ಕೆ ಸಾಕಿದರೆ ಅದೇ ಸಾಕು.

ಬುಟ್ಟಿಯಲ್ಲಿ ತೂಗುಹಾಕುವ, ಬಿಳಿ ಗೆರೆಯ ಸ್ಪೈಡರ್ ಗಿಡವನ್ನು ಬಹಳ ಮನೆಯವರು ತಂದು ಆಮೇಲೆ ಬೇಸರಪಡುತ್ತಾರೆ. ಎಲೆಯ ತುದಿಯೆಲ್ಲ ಕಂದಾಗಿ ಸುಟ್ಟಂತಾಗುತ್ತದೆ ಎಂಬುದು ದೂರು. ಗೊಬ್ಬರ ಹಾಕಿದರೆ ಇನ್ನೂ ಹೆಚ್ಚುತ್ತದೆ. ಕಾರಣ ಹಲವು ಬಾರಿ ನೀರಿನಲ್ಲೇ ಇರುತ್ತದೆ. ಸ್ಪೈಡರ್ ಗಿಡಕ್ಕೂ ಡ್ರಸೀನಾಗಳಿಗೂ ಫ್ಲೋರೈಡ್ ಮತ್ತು ಉಪ್ಪಿನಂಶ ಆಗಿಬರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಎರಡೂ ಧಾರಾಳವಾಗಿವೆ. ಮಾಳಿಗೆಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟು ಒಳಾಂಗಣದ ಗಿಡಗಳಿಗೆ ಅದನ್ನೇ ಕೊಡುವುದು, ತಿಂಗಳಿಗೊಮ್ಮೆ ಕುಂಡದ ಮಣ್ಣನ್ನು ಆ ನೀರಿನಿಂದ ಚೆನ್ನಾಗಿ ತೊಳೆದು ಬಸಿಯುವುದು ಇದಕ್ಕೆ ಪರಿಹಾರ. ಮನುಷ್ಯರ ಹಲ್ಲಿಗೆ ತೊಂದರೆ ಕೊಡುವ ನೀರು ಗಿಡದ ಎಲೆಗೂ ಕೊಡುತ್ತದೆ.

ಲೋಳೆಸರದ ಬಗ್ಗೆ ಹೇಳುವುದೇನಿದೆ? ದೃಷ್ಟಿ ತಾಗದಿರಲೆಂದು ಬೇರುಸಮೇತ ಕಿತ್ತು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವ ಗಿಡ ಮಣ್ಣಿಲ್ಲದೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿ ತುದಿಯನ್ನು ಮೇಲಕ್ಕೆ ತಿರುಗಿಸಿಕೊಳ್ಳುತ್ತದೆ. ಹೊಸ್ತಿಲ ಮೇಲಿನ ಈ ಲಿಲ್ಲಿ ಬಂಧುವಿಗೆ ಯಾವ ತೋಟಗಾರನ ಸಲಹೆಯೂ ಬೇಕಿಲ್ಲ. ಶತಾವರಿಯೂ ಹಾಗೆಯೇ ಗಟ್ಟಿಗ. ಗುಡ್ಡದ ಕುರುಚಲಿನಲ್ಲಿ ಬೆಳೆಯುವ ನಾಟಿ ಶತಾವರಿಯನ್ನು ದೊಡ್ಡ ಕುಂಡದಲ್ಲಿ ಕಂಬಿಗೆ ಹಬ್ಬಿಸಿದರೆ ದಾರದಂಥ ನಯವಾದ ಹಸಿರು, ಮಳೆಗಾಲದ ಕೊನೆಗೆ ಘಮಘಮಿಸುವ ಬಿಳಿ ಪುಡಿಹೂ. ಮುಳ್ಳಿರುವುದರಿಂದ ಮಕ್ಕಳ ದಾರಿಯಿಂದ ದೂರವಿರಬೇಕು ಅಷ್ಟೆ.

ಬೆಂಗಳೂರು, ಮಡಿಕೇರಿಯ ನೆಂಟರ ಮನೆಯಲ್ಲಿ ನೋಡಿ ಆಸೆಪಟ್ಟು ತರುವ ಅಗಪಾಂಥಸ್ ಮತ್ತು ಕ್ಲೈವಿಯಾ ಇಲ್ಲಿ ಒಗ್ಗುವುದು ಕಷ್ಟ. ಕ್ಲೈವಿಯಾಗೆ ಆ ಹೆಸರು ಬಂದದ್ದು ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮೊಮ್ಮಗಳಿಂದ. ದಟ್ಟ ನೆರಳು, ತಂಪು ಚಳಿಗಾಲ ಎರಡೂ ಅದಕ್ಕೆ ಬೇಕು. ಬನಶಂಕರಿಯ ತೆಂಗು, ಎಲೆಬಳ್ಳಿಯ ತೋಟದಂಥ ತಂಪು ಜಾಗವಿದ್ದವರು ಪ್ರಯತ್ನಿಸಬಹುದು. ಉಳಿದವರು ಅದೇ ದುಡ್ಡಿಗೆ ಡೇ ಲಿಲ್ಲಿ ತರುವುದು ಜಾಣತನ. ಅದರ ಒಂದೊಂದು ಹೂವಿಗೂ ಒಂದೇ ದಿನದ ಆಯುಷ್ಯ, ಆದರೆ ಮೊಗ್ಗುಗಳ ಸಾಲು ವಾರಗಟ್ಟಲೆ ಮುಗಿಯುವುದಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಮೂಡಣ ಬಾಗಿಲ ಕಟ್ಟೆ ಅದಕ್ಕೆ ಸರಿಯಾದ ತಾಣ. ಬೆಕ್ಕಿನ ವಿಚಾರದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ.

ಕಾಯಿಲೆಗಿಂತ ಹುಳುವಿನ ಕಾಟ ಹೆಚ್ಚು. ಮಳೆಗಾಲದಲ್ಲಿ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಯಿಟ್ಟುಕೊಂಡ ಕಂಬಳಿಹುಳದಂಥ ಮರಿಗಳು ಗೌರಿ ಹೂವು, ಕ್ರೈನಮ್, ಅಮರಿಲ್ಲಿಸ್, ಜೇಡ ಲಿಲ್ಲಿಗಳ ಎಲೆಯನ್ನು ಎರಡೇ ದಿನದಲ್ಲಿ ಮೇಯ್ದು ಮುಗಿಸುತ್ತವೆ. ಲಿಲ್ಲಿ ಪತಂಗದ ಮರಿಗಳಿವು. ಗುಂಪಾಗಿರುವಾಗಲೇ ಕೈಗವಸು ಹಾಕಿಕೊಂಡು ಆರಿಸಿ ಸೋಪಿನ ನೀರಿಗೆ ಹಾಕುವುದು ಉತ್ತಮ, ಬೇವಿನೆಣ್ಣೆ ಸಿಂಪಡಿಸಬಹುದು. ಎಲೆ ಹೋದರೂ ಗಡ್ಡೆ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಎಲೆಬುಡದಲ್ಲಿ ಹತ್ತಿಯಂತೆ ಕೂರುವ ಹಿಟ್ಟುತಿಗಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು.

ಗಡ್ಡೆ ಎಲ್ಲಿ ಸಿಗುತ್ತದೆ? 2008ರಲ್ಲಿ ಸ್ಥಾಪನೆಯಾದ ರಾಜ್ಯದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ, ಅಲ್ಲಿ ಪುಷ್ಪಕೃಷಿಗೆ ಪ್ರತ್ಯೇಕ ವಿಭಾಗವಿದೆ, ತೋಟಗಾರಿಕಾ ಮೇಳವೂ ನಡೆಯುತ್ತದೆ. ಸುಗಂಧರಾಜದ ತಳಿಗಳ ಬಗ್ಗೆ ಅಲ್ಲಿ ವಿಚಾರಿಸುವುದೇ ವಾಸಿ. ಮಳೆ ಲಿಲ್ಲಿ, ಅಮರಿಲ್ಲಿಸ್, ಜೇಡ ಲಿಲ್ಲಿಗಳನ್ನು ಕೊಳ್ಳುವ ಅಗತ್ಯವೇ ಬೀಳದು, ನೆರೆಮನೆಯ ಹಿತ್ತಿಲಲ್ಲಿ ಗುಂಪುಗಟ್ಟಿ ಕೂತಿರುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಬೇರ್ಪಡಿಸಿದರೆ ಕೊಟ್ಟವರ ಗಿಡಕ್ಕೂ ಒಳ್ಳೆಯದು. ಆನ್‌ಲೈನ್‌ನಲ್ಲಿ ಬಣ್ಣದ ಚಿತ್ರದ ಪೊಟ್ಟಣಗಳಲ್ಲಿ ಬರುವ ಗಡ್ಡೆಗಳ ಮೇಲಿನ ನೆಡುವ ಸೂಚನೆ ಹಲವು ಬಾರಿ ಯುರೋಪಿನ ಋತುವಿನದ್ದು. ಅದನ್ನು ಪಾಲಿಸಿ ಮಾರ್ಚ್‌ನ ಬಿಸಿಲಿಗೆ ಲಿಲಿಯಮ್ ನೆಟ್ಟರೆ ಗತಿ ಏನೆಂದು ಹೇಳಬೇಕಿಲ್ಲ. ಅಂಗಡಿಯಲ್ಲಿ ಕೊಳ್ಳುವವರು ಗಡ್ಡೆಯ ಗಾತ್ರಕ್ಕಿಂತ ತೂಕ ನೋಡಬೇಕು, ಬುಡದ ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಿದ್ದರೆ, ಮೂಗಿಗೆ ಹುಳಿ ವಾಸನೆ ಬಡಿದರೆ, ಅರ್ಧ ಬೆಲೆಗೆ ಕೊಟ್ಟರೂ ಬೇಡ.